ಚುಕ್ಕಿಯ ಲೆಕ್ಕ

ಹುಟ್ಟಿಸಿದ ಕಂಪನಿಯೇ ದಶಕಗಳ ಹಿಂದೆ ಕೈಬಿಟ್ಟ, ಕೆಟ್ಟು ಕುಳಿತರೆ ಬಿಡಿಭಾಗಕ್ಕಾಗಿ ಊರೂರು ಅಲೆಯಬೇಕಾದ ಯಂತ್ರವೊಂದಕ್ಕಾಗಿ ಮನುಷ್ಯನೊಬ್ಬನು ನಿದ್ದೆಗೆಟ್ಟು ಚಿತ್ರ ಬರೆಯುತ್ತಾನೆಂದರೆ ವ್ಯವಹಾರಸ್ಥರು ನಕ್ಕಾರು. ಚಿತ್ರವಾದರೂ ಎಷ್ಟು ದೊಡ್ಡದು? ಹೆಬ್ಬೆರಳಿನ ಉಗುರಿನಷ್ಟು. ಸಂಭಾವನೆ? ಅದರ ಮಾತೇ ಇಲ್ಲ. ಆದರೂ ಇಂಥವರು ಇದ್ದಾರೆ. ಇಂಗ್ಲೆಂಡಿನಲ್ಲಿದ್ದಾರೆ, ಜರ್ಮನಿ ಪೋಲೆಂಡುಗಳಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಇವರು ಚಿತ್ರ ಬರೆಯುವುದು ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಕಾಮಡೋರ್ ೬೪ ಎಂಬ ಗಣಕಕ್ಕಾಗಿ, ಅದೇ ವರ್ಷ ಸಿಂಕ್ಲೇರ್ ಕಂಪನಿ ಹೊರತಂದ ಸ್ಪೆಕ್ಟ್ರಮ್‌ಗಾಗಿ, ೧೯೮೪ರ ಮ್ಯಾಕಿಂಟಾಷ್‌ಗಾಗಿ, ೧೯೮೫ರ ಅಮಿಗಾಕ್ಕಾಗಿ. ಸಿಂಕ್ಲೇರ್ ತನ್ನ ಗಣಕಗಳ ವ್ಯಾಪಾರವನ್ನು ೧೯೮೬ರಲ್ಲಿಯೇ ಪರರಿಗೆ ಮಾರಿತು. ಅಮಿಗಾವನ್ನು ತಯಾರಿಸುತ್ತಿದ್ದ ಕಾಮಡೋರ್ ೧೯೯೪ರಲ್ಲಿ ದಿವಾಳಿಯೆದ್ದಿತು. ಯಂತ್ರಗಳು ಮಾತ್ರ ಅಟ್ಟದ ಮೇಲೆ, ಹಾಸಿಗೆಯ ಕೆಳಗೆ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಉಳಿದುಕೊಂಡವು.

ಈ ಚಿತ್ರಕಾರರಲ್ಲಿ ಕೆಲವರು ಬಾಲ್ಯದಲ್ಲಿ ಅದೇ ಯಂತ್ರದ ಮುಂದೆ ಕುಳಿತು ಶಾಲೆಯ ಪಾಠವನ್ನು ಮರೆತವರು. ಈಗ ತಲೆ ನರೆತು, ಮೂಗಿನ ಮೇಲೆ ಕನ್ನಡಕವನ್ನೇರಿಸಿ, ಅದರ ಮುಂದೆಯೇ ಬಂದು ಕುಳಿತಿದ್ದಾರೆ. ಇದೆಲ್ಲ ಹಳೆಯ ನೆನಪಿನ ಮೋಹವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಾಗಿತ್ತು. ಆದರೆ ಆ ಯಂತ್ರಗಳ ಕಾಲ ಮುಗಿದ ಮೇಲೆ ಹುಟ್ಟಿದ ಹುಡುಗ ಹುಡುಗಿಯರೂ ಇವರ ಪಕ್ಕದಲ್ಲಿ ಕುಳಿತಿದ್ದಾರಲ್ಲ! ತಮಗಿಲ್ಲದ ನೆನಪನ್ನು ಮೋಹಿಸುವುದು ಹೇಗೆ? ಕಾರಣ ಬೇರೆಯೇ ಇರಬೇಕು. ಅದನ್ನು ಅರಿಯಬೇಕಾದರೆ ಅವರ ಕೆಲಸದ ಮನೆಯನ್ನು ಒಮ್ಮೆ ಹೊಕ್ಕು ನೋಡಬೇಕು.

ಆ ಕೆಲಸದ ಮನೆ ಈಗ ಬ್ರೌಸರಿನೊಳಗೇ ಬಂದಿದೆ. ಸುದ್ದಿ ಓದುವ, ರೈಲಿನ ವೇಳೆ ನೋಡುವ ಅದೇ ಕಿಟಕಿಯಲ್ಲಿ ಒಂದು ಪುಟ ತೆರೆದರೆ ಸಾಕು. ಏನನ್ನೂ ಕೊಳ್ಳಬೇಕಾದುದಿಲ್ಲ, ಗಣಕದಲ್ಲಿ ಏನನ್ನೂ ಹೂಡಬೇಕಾದುದಿಲ್ಲ. ಪುಟದ ನಡುವೆ ಚೌಕಗಳ ಬಲೆ. ಅಡ್ಡಕ್ಕೆ ಹದಿನಾರೋ ಮೂವತ್ತೆರಡೋ ಮನೆ, ಉದ್ದಕ್ಕೂ ಅಷ್ಟೆ. ಪಕ್ಕದಲ್ಲಿ ಬಣ್ಣದ ಬಟ್ಟಲುಗಳ ಸಾಲು. ಒಂದು ಮನೆಯನ್ನು ಮುಟ್ಟಿದರೆ ಅದು ತುಂಬುತ್ತದೆ, ಮತ್ತೆ ಮುಟ್ಟಿದರೆ ಬರಿದಾಗುತ್ತದೆ. ಮೂಲೆಯಲ್ಲಿ ಅದೇ ಚಿತ್ರ ತನ್ನ ನಿಜವಾದ ಗಾತ್ರದಲ್ಲಿ, ಅಂದರೆ ಕಾಣಿಸಿಯೂ ಕಾಣಿಸದಷ್ಟು ಸಣ್ಣದಾಗಿ, ಕುಳಿತಿರುತ್ತದೆ. ಇಷ್ಟೇ ಆಗಿದ್ದರೆ ಮಕ್ಕಳ ಆಟಿಕೆಯಾಗುತ್ತಿತ್ತು. ಇದರ ವಿಶೇಷವಿರುವುದು ಕೊಡುವುದರಲ್ಲಲ್ಲ, ಕೊಡದಿರುವುದರಲ್ಲಿ. ಹಳೆಯ ಯಂತ್ರದಲ್ಲಿ ನಾಲ್ಕೇ ಬಣ್ಣವಿದ್ದರೆ ಈ ಪುಟವೂ ನಾಲ್ಕನ್ನೇ ಕೊಡುತ್ತದೆ. ಐದನೆಯದನ್ನು ಬೇಡಿದರೆ ಇಲ್ಲವೆನ್ನುತ್ತದೆ. ಕೋಟ್ಯಂತರ ಬಣ್ಣಗಳನ್ನು ತೋರಬಲ್ಲ ಯಂತ್ರವೊಂದು ನಾಲ್ಕಕ್ಕೆ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವುದು ಶ್ರೀಮಂತನು ಏಕಾದಶಿ ಮಾಡಿದಂತೆ. ಉಪವಾಸವೆನ್ನುವುದು ಸರಿ, ಹಸಿವೆನ್ನುವಂತಿಲ್ಲ.

ಚಿತ್ರದ ಈ ಅಣುವಿಗೆ ಪಿಕ್ಸೆಲ್ ಎಂಬ ಹೆಸರು ಅಚ್ಚಿನಲ್ಲಿ ಬಂದುದು ೧೯೬೫ರಲ್ಲಿ. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಫ್ರೆಡ್ ಬಿಲ್ಲಿಂಗ್ಸ್‌ಲಿ ಎಂಬುವರು ಆಕಾಶನೌಕೆಗಳು ಕಳುಹಿಸಿದ ಚಿತ್ರಗಳ ವಿಷಯವಾಗಿ ಬರೆಯುವಾಗ ಈ ಪದವನ್ನು ಬಳಸಿದರು. ಕನ್ನಡದಲ್ಲಿ ಅದಕ್ಕೆ ಚುಕ್ಕಿಯೆಂದರೆ ಯಾರಿಗೂ ಅರ್ಥವಾಗುತ್ತದೆ. ಬೇರೆ ಪದವನ್ನು ಟಂಕಿಸುವ ಶ್ರಮ ಬೇಡ. ಚುಕ್ಕಿಗಳಿಂದ ರಚಿಸಿದ ಪುಟ್ಟ ಚಿತ್ರವನ್ನು ಮುಟ್ಟಿದರೆ ಗಣಕ ಕೆಲಸ ಮಾಡಬೇಕೆಂಬ ಕಲ್ಪನೆ ೧೯೭೦ರ ದಶಕದಲ್ಲಿ ಮೊಳೆತು, ೧೯೮೧ರಲ್ಲಿ ಜೆರಾಕ್ಸ್ ಕಂಪನಿಯ ಸ್ಟಾರ್ ಎಂಬ ಗಣಕದಲ್ಲಿ ಮಾರಾಟಕ್ಕೆ ಬಂದಿತು. ಆದರೆ ಐಕಾನ್ ಎಂಬುದು ಜನಸಾಮಾನ್ಯರ ಮನೆಯ ಮಾತಾದುದು ಒಬ್ಬ ಹೆಂಗಸಿನ ಕೈಯಿಂದ. ಆಕೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಸೂಸನ್ ಕೇರ್ ೧೯೫೪ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಇಥಾಕಾದಲ್ಲಿ ಹುಟ್ಟಿದಾಕೆ. ಲಲಿತಕಲೆಯಲ್ಲಿ ಡಾಕ್ಟರೇಟ್ ಪಡೆದು ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದಾಕೆ. ೧೯೮೨ರಲ್ಲಿ ಆಕೆ ಅರ್ಕನ್ಸಾಸ್‌ನ ಸಂಗ್ರಹಾಲಯವೊಂದಕ್ಕಾಗಿ ಉಕ್ಕಿನ ಕಾಡುಹಂದಿಯೊಂದನ್ನು ಬೆಸುಗೆ ಹಾಕಿ ನಿಲ್ಲಿಸುತ್ತಿದ್ದಾಗ ಶಾಲೆಯ ಹಳೆಯ ಗೆಳೆಯ ಆಂಡಿ ಹರ್ಟ್ಸ್‌ಫೆಲ್ಡ್‌ನಿಂದ ದೂರವಾಣಿಯ ಕರೆ ಬಂದಿತು. ಆತ ಆ್ಯಪಲ್ ಕಂಪನಿಯಲ್ಲಿ, ಮ್ಯಾಕಿಂಟಾಷ್ ಎಂಬ ಹೊಸ ಗಣಕವನ್ನು ಕಟ್ಟುತ್ತಿದ್ದ ತಂಡದಲ್ಲಿದ್ದ. ಗಣಕಕ್ಕೆ ಚಿತ್ರಗಳು ಬೇಕಾಗಿದ್ದವು. ಆಕೆಗಾದರೋ ಗಣಕದ ಗಂಧವೂ ಇರಲಿಲ್ಲ. ಗೆಳೆಯ ಒಂದು ಉಪಾಯ ಹೇಳಿದ: ಸಣ್ಣ ಚೌಕಗಳ ಗ್ರಾಫ್ ಪುಸ್ತಕ ಕೊಂಡುಕೋ, ಮೂವತ್ತೆರಡು ಮನೆಗೆ ಮೂವತ್ತೆರಡು ಮನೆ ಗೆರೆಯೆಳೆ, ಬೇಕಾದ ಮನೆಗಳನ್ನು ತುಂಬು, ಅದೇ ಗಣಕದ ಚಿತ್ರ. ಆಕೆ ಎರಡೂವರೆ ಡಾಲರ್ ಕೊಟ್ಟು ಪುಸ್ತಕ ಕೊಂಡಳು. ಉಕ್ಕಿನ ಹಂದಿಯಿಂದ ಉಗುರಿನಷ್ಟು ಚಿತ್ರಕ್ಕೆ ಇಳಿದದ್ದು ಹೀಗೆ.

ಮೂವತ್ತೆರಡನ್ನು ಮೂವತ್ತೆರಡರಿಂದ ಗುಣಿಸಿದರೆ ೧೦೨೪ ಮನೆಗಳು. ಬಣ್ಣವಿಲ್ಲ, ಮನೆ ಕಪ್ಪಾಗಿರಬೇಕು, ಇಲ್ಲವೆ ಬಿಳಿಯಾಗಿರಬೇಕು. ಗಣಕದ ನೆನಪಿನಲ್ಲಿ ಇಡೀ ಚಿತ್ರ ಹಿಡಿಯುವ ಸ್ಥಳ ೧೨೮ ಬೈಟ್. ಇಂದು ಕೈಯಲ್ಲಿರುವ ಫೋನು ತೆಗೆಯುವ ಒಂದು ಸಾಧಾರಣ ಛಾಯಾಚಿತ್ರದ ಸ್ಥಳದಲ್ಲಿ ಇಂಥ ಚಿತ್ರಗಳನ್ನು ಹತ್ತಾರು ಸಾವಿರ ತುಂಬಿಡಬಹುದು. ಈ ಇಕ್ಕಟ್ಟಿನಲ್ಲಿ ಆಕೆ ಬರೆದುದೇನು? ಗಣಕ ಸುಸೂತ್ರವಾಗಿ ಎಚ್ಚರಗೊಂಡರೆ ತೆರೆಯ ಮೇಲೆ ಮೂಡುವ ನಗುಮುಖದ ಪುಟ್ಟ ಗಣಕ, ಎಚ್ಚರಗೊಳ್ಳದಿದ್ದರೆ ಕಣ್ಣುಗಳ ಸ್ಥಳದಲ್ಲಿ ಕತ್ತರಿ ಗುರುತುಳ್ಳ ಅಳುಮುಖ, ತಡವಾದಾಗ ಕೈಗಡಿಯಾರ, ಬಣ್ಣ ಸುರಿಯುವ ಬಕೆಟ್ಟು, ಬೇಡದ್ದನ್ನು ಹಾಕುವ ಕಸದ ಡಬ್ಬ, ಎಲ್ಲ ಕೆಟ್ಟಾಗ ಬತ್ತಿ ಹೊತ್ತಿಸಿದ ಬಾಂಬು. ಈ ಕೊನೆಯದನ್ನು ಬಳಕೆದಾರರು ಕಾಣುವ ಪ್ರಸಂಗವೇ ಬರಲಾರದೆಂದು ತಂಡದವರು ಆಕೆಗೆ ಭರವಸೆ ಕೊಟ್ಟಿದ್ದರಂತೆ. ಮ್ಯಾಕಿಂಟಾಷ್ ಕೊಂಡವರು ಆ ಬಾಂಬನ್ನು ಎಷ್ಟು ಸಲ ಕಂಡರೆಂಬುದಕ್ಕೆ ಲೆಕ್ಕವಿಲ್ಲ.

ನಗುಮುಖದ ವಿಷಯವನ್ನೇ ತೆಗೆದುಕೊಳ್ಳೋಣ. ಎರಡು ಕಣ್ಣು, ಮೂಗಿಗೊಂದು ಗೆರೆ, ಬಾಯಿ: ಬೆರಳೆಣಿಕೆಯ ಚುಕ್ಕಿಗಳು. ಬಾಯಿಯ ತುದಿಗಳನ್ನು ಒಂದು ಮನೆ ಮೇಲೆತ್ತಿದರೆ ನಗು, ಇಳಿಸಿದರೆ ದುಗುಡ. ನಡುವೆ ಅರ್ಧ ಮನೆಯಿಲ್ಲ. ಕುಂಚ ಹಿಡಿದ ಚಿತ್ರಕಾರನು ನಗುವೋ ಬೇಸರವೋ ಎಂದು ನಿಶ್ಚಯವಾಗದಿದ್ದರೆ ರೇಖೆಯನ್ನು ತುಸು ಮಸುಕಾಗಿಸಿ ನೋಡುವವನ ತಲೆಗೆ ಆ ಹೊಣೆಯನ್ನು ದಾಟಿಸಬಹುದು. ವಿಮರ್ಶಕರು ಅದನ್ನು ಧ್ವನಿಯೆಂದು ಹೊಗಳಿಯೂ ಹೊಗಳಿಯಾರು. ಚೌಕದ ಮನೆಯಲ್ಲಿ ಈ ಸೌಕರ್ಯವಿಲ್ಲ. ಪ್ರತಿಯೊಂದು ಮನೆಯೂ ಬರೆಯುವವನನ್ನು ಕೇಳುತ್ತದೆ: ನಾನು ಕಪ್ಪೋ ಬಿಳುಪೋ? ಉತ್ತರ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ೧೦೨೪ ಪ್ರಶ್ನೆಗಳಿಗೆ ೧೦೨೪ ಉತ್ತರ. ಆ ಹುಡುಗ ಹುಡುಗಿಯರನ್ನು ಈ ಹಳೆಯ ಬಲೆಗೆ ಎಳೆದು ತರುವುದು ಬಹುಶಃ ಇದೇ. ಅಳತೆಯಿಲ್ಲದ ಬಣ್ಣ, ಅಳತೆಯಿಲ್ಲದ ಸ್ಥಳಗಳ ನಡುವೆ ಬೆಳೆದವರಿಗೆ ತಾವು ಮಾಡಿದುದು ಯಾವುದು, ಯಂತ್ರ ಮಾಡಿಕೊಟ್ಟುದು ಯಾವುದು ಎಂಬುದೇ ತಿಳಿಯದಂತಾಗಿದೆ. ಇಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲ.

ಕನ್ನಡ ಕಾವ್ಯದ ವಿದ್ಯಾರ್ಥಿಗಳಿಗೆ ಇದು ತೀರ ಅಪರಿಚಿತವಾದ ಸಂಗತಿಯೇನಲ್ಲ. ಶತಮಾನಗಳ ಕಾಲ ಕವಿಗಳು ಪಾದಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಡುವ ಕಟ್ಟಿಗೆ ಒಳಗಾಗಿ ಬರೆದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಕಟ್ಟನ್ನು ಕಳಚಿದರು. ಕಳಚಿದುದು ಒಳ್ಳೆಯದೇ ಆಯಿತು. ಕಳಚಿದ ಕಟ್ಟನ್ನು ಮತ್ತೆ ತಾನಾಗಿಯೇ ಕಾಲಿಗೆ ಕಟ್ಟಿಕೊಂಡು, ಇದರಲ್ಲಿ ಎಷ್ಟು ದೂರ ನಡೆದೇನು ನೋಡೋಣ ಎನ್ನುವವರು ಎಲ್ಲ ಕಾಲದಲ್ಲಿಯೂ ಕೆಲವರಿರುತ್ತಾರೆ. ಅವರನ್ನು ಹಿಂದಕ್ಕೆ ನಡೆಯುವವರೆನ್ನುವುದು ಸುಲಭ, ಸರಿಯಲ್ಲ.

ಕೇರ್‌ಳ ಮತ್ತೊಂದು ಚಿಹ್ನೆ ಇಂದಿಗೂ ಆ್ಯಪಲ್ ಗಣಕಗಳ ಕೀಲಿಮಣೆಯ ಮೇಲಿದೆ. ಮೊದಲು ಆ ಕೀಲಿಗೆ ಕಂಪನಿಯ ಸೇಬಿನ ಗುರುತನ್ನೇ ಕೊಟ್ಟಿದ್ದರು. ಪಟ್ಟಿಪಟ್ಟಿಯಲ್ಲಿಯೂ ಸೇಬು ಚೆಲ್ಲಾಪಿಲ್ಲಿಯಾಗಿರುವುದನ್ನು ಕಂಡು ಸ್ಟೀವ್ ಜಾಬ್ಸ್ ಸಿಡುಕಿದರು. ಆಕೆ ಚಿಹ್ನೆಗಳ ಕೋಶವೊಂದನ್ನು ತಿರುವಿಹಾಕುತ್ತ ಹೋದಾಗ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ಸೂಚಿಸಲು ಬಳಸುವ ಗುರುತೊಂದು ಕಣ್ಣಿಗೆ ಬಿದ್ದಿತು: ಚೌಕದ ನಾಲ್ಕು ಮೂಲೆಗಳಲ್ಲಿ ಎಳೆ ಕುಣಿಕೆಯಾಗಿ ಸುತ್ತಿ ಮತ್ತೆ ಬಂದು ಸೇರುತ್ತದೆ. ಚುಕ್ಕಿಯ ಸುತ್ತ ಎಳೆ ಬಳಸಿ ರಂಗೋಲಿಯಿಡುವ ಯಾವ ಕನ್ನಡದ ಗೃಹಿಣಿಯೂ ಅದನ್ನು ಕಂಡರೆ ತನ್ನ ಅಂಗಳದ್ದೆಂದು ಹಕ್ಕು ಹೇಳಿಯಾಳು. ಅದು ಸ್ವೀಡನ್ನಿನಿಂದಲೇ ಬಂದುದು, ಸಂದೇಹವಿಲ್ಲ. ಆದರೆ ಚುಕ್ಕಿಯೂ ಎಳೆಯೂ ಒಂದೇ ಬಗೆಯ ಲೆಕ್ಕಕ್ಕೆ ಸಿಕ್ಕಿದಾಗ ದೂರದೂರದ ಕೈಗಳು ಒಂದೇ ಆಕಾರಕ್ಕೆ ಬಂದು ಸೇರುವುದುಂಟು. ಧಾರವಾಡದ ಕಡೆಯ ಹೆಂಗಸರು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ನೂಲಿನ ಎಳೆಗಳನ್ನೇ ಎಣಿಸಿ ಎಣಿಸಿ ಇಳಕಲ್ ಸೀರೆಯ ಮೇಲೆ ತೇರು ಗೋಪುರಗಳ ಕಸೂತಿ ತೆಗೆಯುತ್ತಾರಲ್ಲ. ಆ ಗೋಪುರಗಳೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಕೇರ್ ಕೂಡ ತನ್ನ ಕೆಲಸವನ್ನು ಸೂಜಿಯ ಕಸೂತಿಗೂ ಬಣ್ಣಗಲ್ಲುಗಳ ಜೋಡಣೆಗೂ ಹೋಲಿಸಿದ್ದುಂಟು. ಆಕೆ ಬರೆದ ಆ ಗ್ರಾಫ್ ಕಾಗದಗಳು ೨೦೧೫ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವನ್ನು ಸೇರಿದವು.

ಕಂಪನಿಯ ಕಲಾವಿದೆಗೆ ಗೆಳೆಯರು ಚಿತ್ರ ತಿದ್ದುವ ಸಾಧನವೊಂದನ್ನು ಬರೆದುಕೊಟ್ಟರು. ಇಂಗ್ಲೆಂಡಿನ ಮಧ್ಯಮವರ್ಗದ ಮನೆಯ ಹುಡುಗನಿಗೆ ಅದೂ ಇರಲಿಲ್ಲ. ಸ್ಪೆಕ್ಟ್ರಮ್ ಗಣಕವು ತನ್ನ ಒಡೆಯನಿಗೆ ೨೧ ಖಾಲಿ ಅಕ್ಷರಗಳನ್ನು ಬಿಟ್ಟುಕೊಟ್ಟಿತ್ತು. ಪ್ರತಿಯೊಂದಕ್ಕೂ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಮನೆ. ಹುಡುಗನು ಲೆಕ್ಕದ ಪುಸ್ತಕದಲ್ಲಿ ಚೌಕ ಬರೆದು ಮೇಲ್ಗಡೆ ಎಡದಿಂದ ಬಲಕ್ಕೆ ೧೨೮, ೬೪, ೩೨, ೧೬, ೮, ೪, ೨, ೧ ಎಂದು ಬರೆದುಕೊಳ್ಳಬೇಕು. ಅವನಿಗೆ ಒಂದು ದೀಪ ಬೇಕೆನ್ನಿ. ಮೊದಲ ಸಾಲಿನಲ್ಲಿ ಜ್ವಾಲೆಯ ತುದಿ, ನಾಲ್ಕನೆಯ ಮನೆ ಮಾತ್ರ: ೧೬. ಎರಡನೆಯ ಸಾಲಿನಲ್ಲಿ ಜ್ವಾಲೆ ಅಗಲವಾಗಿ ಮೂರು ಮನೆ: ೩೨, ೧೬, ೮ ಕೂಡಿದರೆ ೫೬. ಹೀಗೆ ಎಂಟು ಸಾಲಿಗೆ ಎಂಟು ಸಂಖ್ಯೆ. ಅವನ್ನು ಯಂತ್ರಕ್ಕೆ ಒಂದೊಂದಾಗಿ ಉಣಿಸಿದರೆ ದೀಪ ಬೆಳಗುತ್ತಿತ್ತು; ಕೂಡುವುದರಲ್ಲಿ ಒಂದು ತಪ್ಪಿದರೆ ಜ್ವಾಲೆ ಬತ್ತಿಯಿಂದ ಜಿಗಿದು ಗಾಳಿಯಲ್ಲಿ ನಿಲ್ಲುತ್ತಿತ್ತು. ಗಣಿತದ ಮೇಷ್ಟರು ಬೆತ್ತ ಹಿಡಿದೂ ಕಲಿಸಲಾರದ ಎರಡರ ಘಾತಗಳನ್ನು ಒಂದು ಪೀಳಿಗೆಯ ಮಕ್ಕಳು ಹೀಗೆ, ಆಟಕ್ಕೊಬ್ಬ ರಾಕ್ಷಸ ಬೇಕೆಂಬ ಆಸೆಯಿಂದ, ಕಂಠಪಾಠ ಮಾಡಿಕೊಂಡರು.

ಸ್ಪೆಕ್ಟ್ರಮ್‌ನ ಬಡತನ ಬಣ್ಣದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅದರ ತೆರೆಯ ಮೇಲೆ ೨೫೬ಕ್ಕೆ ೧೯೨ ಚುಕ್ಕಿಗಳಿದ್ದವು, ಹದಿನೈದು ಬಣ್ಣಗಳಿದ್ದವು. ಆದರೆ ಎಂಟೆಂಟು ಮನೆಗಳ ಒಂದೊಂದು ಕೇರಿಗೆ ಎರಡೇ ಬಣ್ಣ. ಹೀಗೆ ಮಾಡಿದುದರಿಂದ ಇಡೀ ತೆರೆ ೬೯೧೨ ಬೈಟಿನಲ್ಲಿ ಮುಗಿಯಿತು, ಯಂತ್ರ ಅಗ್ಗವಾಯಿತು, ಸಾಮಾನ್ಯನ ಮನೆಗೆ ಬಂದಿತು. ಬೆಲೆ ತೆತ್ತವನು ಚಿತ್ರಕಾರ. ಕೆಂಪು ಅಂಗಿಯ ವೀರನು ಹಸುರು ಮರದ ಬಳಿ ಬಂದನೆನ್ನಿ: ಒಂದೇ ಕೇರಿಯಲ್ಲಿ ಇಬ್ಬರು ಸೇರಿದರೆ ಮರ ಕೆಂಪಾಗಬೇಕು, ಇಲ್ಲವೆ ವೀರ ಹಸುರಾಗಬೇಕು. ಇಂಗ್ಲಿಷಿನವರು ಇದನ್ನು ಬಣ್ಣಗಳ ಘರ್ಷಣೆಯೆಂದರು. ಕನ್ನಡದಲ್ಲಿ ಸಹವಾಸದೋಷವೆನ್ನುವುದು ಹೆಚ್ಚು ಸರಿ. ಕೆಲವರು ಸೋತು ಎಲ್ಲವನ್ನೂ ಒಂದೇ ಬಣ್ಣದಲ್ಲಿ ಬರೆದರು. ಜಾಣರು ಮರವನ್ನು, ಗೋಡೆಯನ್ನು, ಬಾಗಿಲನ್ನು ಕೇರಿಯ ಗಡಿಗೆ ಸರಿಯಾಗಿ ನಿಲ್ಲಿಸಿ, ದೋಷವೇ ಕಾಣದಂತೆ ಊರು ಕಟ್ಟಿದರು. ಇಂದಿನ ಬ್ರೌಸರಿನ ಸಾಧನ ಈ ನಿಯಮವನ್ನು ಬಲ್ಲುದಾದರೆ, ಮೂರನೆಯ ಬಣ್ಣ ಕೇರಿಯನ್ನು ಹೊಕ್ಕೊಡನೆ ಎಚ್ಚರಿಸುತ್ತದೆ. ಅಂದಿನ ಹುಡುಗನಿಗೆ ಅದು ತಿಳಿಯುತ್ತಿದ್ದುದು ತಪ್ಪು ಕಣ್ಣಿಗೆ ರಾಚಿದ ಮೇಲೆ.

ಇಕ್ಕಟ್ಟು ಮನುಷ್ಯರ ರೂಪವನ್ನೇ ನಿರ್ಣಯಿಸಿದ ಪ್ರಸಂಗವೂ ಉಂಟು. ೧೯೮೧ರಲ್ಲಿ ಜಪಾನಿನ ಶಿಗೆರು ಮಿಯಾಮೊಟೊ ಡಾಂಕಿ ಕಾಂಗ್ ಎಂಬ ಆಟಕ್ಕಾಗಿ ಒಬ್ಬ ನಾಯಕನನ್ನು ಬರೆದರು. ಮುಖಕ್ಕೆ ಸಿಕ್ಕಿದ ಕೆಲವೇ ಮನೆಗಳಲ್ಲಿ ಬಾಯಿ ಬರೆಯಲಾಗಲಿಲ್ಲ. ದೊಡ್ಡ ಮೂಗಿನ ಕೆಳಗೆ ಮೀಸೆಯಿಟ್ಟರು. ಕೂದಲು ಬರೆಯುವುದು ಕಷ್ಟವಾಯಿತು, ಟೋಪಿ ತೊಡಿಸಿದರು. ತೋಳು ಬೀಸುವುದು ಮೈಯಿಂದ ಬೇರೆಯಾಗಿ ಕಾಣಬೇಕಾಗಿತ್ತು. ಕೆಲಸಗಾರರ ಮೇಲುಡುಪು ಹಾಕಿಸಿದರು. ಮೇಲುಡುಪು ತೊಟ್ಟವನು ಬಡಗಿಯಾದ, ಮುಂದಿನ ಆಟವೊಂದರಲ್ಲಿ ಕೊಳಾಯಿ ರಿಪೇರಿಯವನಾದ. ಮಾರಿಯೊ ಎಂಬ ಹೆಸರಿನಿಂದ ಇಂದಿಗೂ ಲೋಕಪ್ರಸಿದ್ಧನಾಗಿರುವ ಅವನ ಮೀಸೆ ಸ್ಥಳಾಭಾವದಿಂದ ಹುಟ್ಟಿದುದು. ಸ್ಥಳ ಬೇಕಾದಷ್ಟಾದ ಮೇಲೂ ಅವನು ಅದನ್ನು ಬೋಳಿಸಲಿಲ್ಲ.

ಇಲ್ಲಿಯವರೆಗೆ ಹೇಳಿದುದೆಲ್ಲ ಚುಕ್ಕಿಯೆಂದರೆ ಚೌಕವೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ಪೂರ್ತಿ ನಿಜವಲ್ಲ. ಅಮಿಗಾದ ಸಾಮಾನ್ಯ ಕೆಲಸದ ತೆರೆಯಲ್ಲಿ ಅಡ್ಡಕ್ಕೆ ೬೪೦ ಚುಕ್ಕಿ, ಉದ್ದಕ್ಕೆ ಅಮೆರಿಕದ ಯಂತ್ರದಲ್ಲಿ ೨೦೦, ಯೂರೋಪಿನದರಲ್ಲಿ ೨೫೬. ದೂರದರ್ಶನದ ತೆರೆ ಒಂದೇ ಆಕಾರದ್ದು. ಆದುದರಿಂದ ಅಲ್ಲಿನ ಒಂದೊಂದು ಚುಕ್ಕಿಯೂ ಅಗಲಕ್ಕಿಂತ ಸುಮಾರು ಎರಡು ಪಾಲು ಎತ್ತರ. ಚೌಕದ ಬಲೆಯಲ್ಲಿ ದುಂಡಗೆ ಬರೆದ ಸೂರ್ಯ ಅಲ್ಲಿಗೆ ಹೋಗಿ ಕೋಳಿಮೊಟ್ಟೆಯಾಗುತ್ತಾನೆ. ಕಾಮಡೋರ್ ೬೪ರಲ್ಲಿ ಓಡಾಡುವ ಬೊಂಬೆಗೆ ೨೪ಕ್ಕೆ ೨೧ ಮನೆ. ಅದಕ್ಕೆ ಹೆಚ್ಚು ಬಣ್ಣ ಬೇಕೆಂದರೆ ಎರಡೆರಡು ಮನೆ ಕೂಡಿ ಒಂದಾಗುತ್ತವೆ, ಅಂದರೆ ಅಲ್ಲಿ ಚುಕ್ಕಿ ಅಡ್ಡಡ್ಡಲಾಗಿ ಮಲಗುತ್ತದೆ. ಇದೂ ಸಾಲದೆಂಬಂತೆ ಹಳೆಯ ಗಾಜಿನ ಕೊಳವೆಯ ತೆರೆಯಲ್ಲಿ ಚುಕ್ಕಿಯ ಅಂಚು ತುಸು ಕರಗಿ ನೆರೆಯ ಚುಕ್ಕಿಗೆ ಬೆರೆಯುತ್ತಿತ್ತು. ಅಂದಿನ ಚಿತ್ರಕಾರರು ಅದನ್ನು ಬಲ್ಲವರಾಗಿದ್ದರು. ಕೆಂಪು ಹಳದಿಗಳನ್ನು ಒಂದು ಬಿಟ್ಟು ಒಂದರಂತೆ ಇಟ್ಟು, ಬೆರೆಸುವ ಕೆಲಸವನ್ನು ತೆರೆಗೆ ಬಿಟ್ಟರು. ನೋಡುವವನಿಗೆ ಕಿತ್ತಳೆ ಕಾಣಿಸಿತು. ಇಂದಿನ ಚಪ್ಪಟೆ ತೆರೆಯ ಮೇಲೆ ಅದೇ ಚಿತ್ರ ಕೆಂಪು ಹಳದಿಗಳ ಚದುರಂಗದ ಮಣೆಯಾಗಿ ಕಾಣುತ್ತದೆ. ಅದನ್ನೇ ಹಳೆಯ ಚಿತ್ರದ ಒರಟುತನವೆಂದು ಭಾವಿಸಿ, ಬೇಕೆಂದೇ ಒರಟಾಗಿ ಬರೆದು, ಹಳೆಯ ಕಾಲದ ಶೈಲಿಯೆಂದು ಮಾರುವವರಿದ್ದಾರೆ. ಅಂದಿನವರು ಒರಟಾಗಿ ಬರೆಯಲು ಎಂದೂ ಬಯಸಿದವರಲ್ಲ. ಇದ್ದ ಚುಕ್ಕಿಗಳಲ್ಲಿ ಎಷ್ಟು ನಯವಾಗಿ ಬರೆಯಬಹುದೋ ಅಷ್ಟು ನಯವಾಗಿ ಬರೆದರು. ಒಳ್ಳೆಯ ಸಾಧನವಾದರೆ ಚಿತ್ರವನ್ನು ಆಯಾ ಯಂತ್ರದ ಚುಕ್ಕಿಯ ಆಕಾರದಲ್ಲಿಯೇ ತೋರಿಸಬೇಕು. ಬಣ್ಣದ ಲೆಕ್ಕವೊಂದನ್ನೇ ಪಾಲಿಸಿ ಆಕಾರವನ್ನು ಮರೆತರೆ ಅರ್ಧ ವ್ರತವಾಯಿತು.

ಯಂತ್ರಗಳು ಮರೆಯಾದಂತೆ ಅವುಗಳೊಳಗಿನ ಚಿತ್ರಗಳೂ ಮರೆಯಾಗುತ್ತಿವೆ. ಇದು ಹವ್ಯಾಸಿಗಳ ಆಟದ ಮಾತಷ್ಟೇ ಅಲ್ಲ. ೧೯೮೫ರ ಜುಲೈ ೨೩ರಂದು ನ್ಯೂಯಾರ್ಕಿನಲ್ಲಿ ಅಮಿಗಾವನ್ನು ಲೋಕಕ್ಕೆ ಪರಿಚಯಿಸುವ ಸಮಾರಂಭ ನಡೆಯಿತು. ಪ್ರಸಿದ್ಧ ಚಿತ್ರಕಾರ ಆಂಡಿ ವಾರ್ಹೊಲ್ ವೇದಿಕೆಯ ಮೇಲೆ ಕುಳಿತು ಗಾಯಕಿ ಡೆಬ್ಬಿ ಹ್ಯಾರಿಯ ಮುಖವನ್ನು ಆ ಯಂತ್ರದಲ್ಲಿ ಬಣ್ಣಗೊಳಿಸಿದರು. ಆಮೇಲೂ ಆತ ಅದರಲ್ಲಿ ಚಿತ್ರ ಬರೆಯುತ್ತಿದ್ದರು. ೧೯೮೭ರಲ್ಲಿ ತೀರಿಕೊಂಡರು. ಆ ಫ್ಲಾಪಿಗಳು ಪಿಟ್ಸ್‌ಬರ್ಗಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವನ್ನು ಸೇರಿ ಸುಮ್ಮನೆ ಕುಳಿತವು. ಫ್ಲಾಪಿಯ ಕಾಂತಲೇಪ ಕಾಲಕ್ರಮದಲ್ಲಿ ಕೆಡುತ್ತದೆ. ಓದಲು ಹೋದರೆ ಲೇಪವೇ ಕಿತ್ತುಬರುವ ಭಯ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ಸಂಘದ ತರುಣರು ಅವನ್ನು ಎಚ್ಚರಿಕೆಯಿಂದ ಓದಿ ತೆಗೆದರು. ತೆಗೆದ ಮೇಲೆ ಇನ್ನೊಂದು ತೊಡಕು: ಚಿತ್ರಗಳನ್ನು ಬರೆದಿಟ್ಟಿದ್ದ ರೀತಿ ಯಾರಿಗೂ ಪರಿಚಿತವಾದುದಾಗಿರಲಿಲ್ಲ. ಅದನ್ನೂ ಬಿಡಿಸಿ ೨೦೧೪ರಲ್ಲಿ ಚಿತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದು ಬೊಟಿಚೆಲ್ಲಿಯ ವೀನಸ್ಸಿನ ಮುಖ. ವಾರ್ಹೊಲ್ ಅದಕ್ಕೆ ಮೂರನೆಯ ಕಣ್ಣೊಂದನ್ನು ಅಂಟಿಸಿ ಮುಕ್ಕಣ್ಣಿಯನ್ನಾಗಿ ಮಾಡಿದ್ದರು. ಜಗತ್ಪ್ರಸಿದ್ಧನೊಬ್ಬನ ಕೈಬರಹಕ್ಕೆ ಈ ಗತಿಯಾದರೆ, ಹೆಸರಿಲ್ಲದ ಸಾವಿರಾರು ಹುಡುಗರು ಕ್ಯಾಸೆಟ್ಟುಗಳಲ್ಲಿ ಬರೆದಿಟ್ಟ ದೀಪ ರಾಕ್ಷಸರ ಪಾಡು ಏನಾಗಿರಬಹುದು? ಹಳೆಯ ಯಂತ್ರದ ಚಿತ್ರವನ್ನು ಓದಿ, ತಿದ್ದಿ, ಮತ್ತೆ ಅದೇ ಯಂತ್ರದ ಭಾಷೆಯಲ್ಲಿ ಬರೆದುಕೊಡಬಲ್ಲ ಸಾಧನವೊಂದು ಬ್ರೌಸರಿನಲ್ಲಿ ಉಚಿತವಾಗಿ ಸಿಕ್ಕುವುದೆಂದರೆ, ಲಿಪಿ ಓದಬಲ್ಲವರು ಇನ್ನೂ ಊರಲ್ಲಿದ್ದಾರೆಂದು ಅರ್ಥ.

ಅಮಿಗಾ ಕೆಟ್ಟಾಗ ಕಪ್ಪು ತೆರೆಯ ಮೇಲೆ ಕೆಂಪು ಚೌಕಟ್ಟು ಮಿನುಗುತ್ತಿತ್ತು. ಒಳಗೆ ‘ಗುರು ಧ್ಯಾನ’ ಎಂಬರ್ಥದ ಇಂಗ್ಲಿಷ್ ಮಾತು. ಯಂತ್ರ ಕಟ್ಟಿದವರು ಬಿಡುವಿನಲ್ಲಿ ಒಂದು ಆಟದ ಹಲಗೆಯ ಮೇಲೆ ಅಲುಗಾಡದೆ ಕುಳಿತುಕೊಳ್ಳುವ ಪಂದ್ಯವಾಡುತ್ತಿದ್ದರಂತೆ. ಅದರಿಂದ ಬಂದ ವಿನೋದವಿದು. ಭಾರತದಿಂದ ಹೋದ ಮಾತುಗಳಲ್ಲಿ ಗುರು ಆ ಯಂತ್ರವನ್ನು ಸೇರಿತು. ಭಾರತದ ಲಿಪಿಗಳು ಮಾತ್ರ ಅಂಥ ಯಂತ್ರಗಳ ಹೊರಗೇ ನಿಂತವು.

ಏಕೆಂಬುದನ್ನು ಮನೆ ಎಣಿಸಿಯೇ ನೋಡಬಹುದು. ಎಂಟಕ್ಕೆ ಎಂಟರ ಚೌಕದಲ್ಲಿ ಇಂಗ್ಲಿಷಿನ ಅಕ್ಷರ ಆರಾಮವಾಗಿ ಕುಳಿತು, ಸುತ್ತಲೂ ಒಂದು ಮನೆ ಗಾಳಿಗೂ ಬಿಡುತ್ತದೆ. ಕನ್ನಡದ ವರ್ಣಮಾಲೆಗೆ ೪೯ ಅಕ್ಷರ; ಸ್ಪೆಕ್ಟ್ರಮ್ ಬಿಟ್ಟುಕೊಟ್ಟ ಖಾಲಿ ಮನೆ ೨೧. ವರ್ಣಮಾಲೆಯ ಅರ್ಧವೇ ಬೀದಿಯಲ್ಲಿ ನಿಲ್ಲಬೇಕು. ಗುಣಿತಾಕ್ಷರ, ಒತ್ತಕ್ಷರಗಳ ಮಾತು ಆಮೇಲೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ: ಮೇಲೆ ಸಕಾರದ ಗುಡಿಸು, ಕೆಳಗೆ ತಕಾರದ ಒತ್ತು, ಅದರ ಪಕ್ಕ ರಕಾರದ ಒತ್ತು, ಬಲಕ್ಕೆ ದೀರ್ಘ. ಎಂಟು ಸಾಲಿನಲ್ಲಿ ಇದನ್ನು ನಿಲ್ಲಿಸುವುದು ಒಂದೇ ಕೋಣೆಯ ಮನೆಯಲ್ಲಿ ಮದುವೆ ಮಾಡಿದಂತೆ. ಕನ್ನಡದ ಅಕ್ಷರಗಳೋ ದುಂಡು. ಸಣ್ಣ ಚೌಕದಲ್ಲಿ ದುಂಡೆಂಬುದು ಮೂಲೆ ಮುರಿದ ಪೆಟ್ಟಿಗೆ. ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕಿಯೊಂದು ಬಿದ್ದರೆ ಠಕಾರ. ದಕಾರದ ಕೆಳಗೆ ಸೀಳಿನ ಚುಕ್ಕಿಯೊಂದು ಇದ್ದರೆ ಮಹಾಪ್ರಾಣ. ಆ ಒಂದು ಚುಕ್ಕಿ ಉಳಿದರೆ ಧನ, ಅಳಿದರೆ ದನ. ಯಜಮಾನನು ಬ್ಯಾಂಕಿನಲ್ಲಿ ಇಟ್ಟುದು ಯಾವುದೆಂದು ಓದುವವನೇ ಊಹಿಸಿಕೊಳ್ಳಬೇಕು!

ಇದು ಹಳೆಯ ಕಥೆಯಾಯಿತೆಂದು ಭಾವಿಸಬೇಕಾದುದಿಲ್ಲ. ಕರ್ನಾಟಕದ ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಈಗ ದೀಪದ ಚುಕ್ಕಿಗಳಲ್ಲಿ ಹರಿಯುತ್ತದೆ. ರೈಲು ನಿಲ್ದಾಣದ ಹಲಗೆಯ ಮೇಲೆ ಕನ್ನಡ ಅಕ್ಷರಗಳು ಚುಕ್ಕಿಗಳಾಗಿ ಮಿಂಚುತ್ತವೆ. ಅಲ್ಲಿಯೂ ಸಾಲುಗಳು ಎಣಿಕೆಯವೇ. ಒತ್ತಕ್ಷರದ ಬಾಲ ಹಲಗೆಯ ಕೆಳಗೆ ಮುಳುಗಿಹೋದ ಊರಿನ ಹೆಸರನ್ನು ಮುದುಕರೊಬ್ಬರು ಕಣ್ಣ ಮೇಲೆ ಕೈಯಿಟ್ಟು ಓದಲೆತ್ನಿಸುವ ದೃಶ್ಯ ಯಾವ ಬಸ್ ನಿಲ್ದಾಣದಲ್ಲಿಯಾದರೂ ಕಾಣಸಿಕ್ಕೀತು. ಅವರ ಎದುರಿಗೆ ಬಸ್ಸು ಹೊರಟುಹೋಗುತ್ತದೆ. ಆ ಅಕ್ಷರವನ್ನು ಯಾರೋ ಎಲ್ಲಿಯೋ ಒಂದು ಚೌಕುಳಿ ಬಲೆಯ ಮುಂದೆ ಕುಳಿತು ಬರೆದಿರಬೇಕು. ನಿಜವಾದ ಗಾತ್ರದಲ್ಲಿ, ಮೂವತ್ತು ಅಡಿ ದೂರದಿಂದ, ಒಮ್ಮೆ ನೋಡಿದ್ದರೆ ಬಾಲವನ್ನು ಒಂದು ಮನೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಹಳೆಯ ಗಣಕದ ಹುಚ್ಚಿನವರನ್ನು ಕಂಡು ನಗುವ ಮೊದಲು ಅವರಲ್ಲಿ ಒಬ್ಬಿಬ್ಬರನ್ನಾದರೂ ಈ ಹಲಗೆಗಳ ಕೆಲಸಕ್ಕೆ ಕರೆತರುವುದು ಲೇಸು. ಸ್ಥಳವಿಲ್ಲದ ಕಡೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಕ ಅವರ ಬೆರಳಿನ ತುದಿಯಲ್ಲಿದೆ.

ಅವರು ತಮ್ಮ ಚಿತ್ರ ಮುಗಿದ ಮೇಲೆ ಮಾಡುವ ಕೆಲಸವೂ ಅದೇ. ಬ್ರೌಸರ್ ಕೊಟ್ಟ ಕಡತವನ್ನು, ಒಂದು ಅಂಚೆಕಾರ್ಡಿನ ಒಕ್ಕಣೆಗಿಂತ ದೊಡ್ಡದಲ್ಲದ ಅದನ್ನು, ಪುಟ್ಟ ಸ್ಮರಣೆಯ ಕಡ್ಡಿಗೆ ಹಾಕಿ, ಫ್ಲಾಪಿಯ ಸ್ಥಾನದಲ್ಲಿ ಕೂಡಿಸಿದ ಪೆಟ್ಟಿಗೆಗೆ ಸಿಕ್ಕಿಸುತ್ತಾರೆ. ಹಳದಿಗಟ್ಟಿದ ಯಂತ್ರ ಎಚ್ಚರಗೊಳ್ಳುತ್ತದೆ. ಗಾಜಿನ ತೆರೆ ಕಾಯಲು ತುಸು ಹೊತ್ತು ಬೇಕು. ಅಮಿಗಾದ ನೀಲಿಯ ಮೇಲೆ, ಬಿಳಿ ಕಪ್ಪು ಕಿತ್ತಳೆಗಳಲ್ಲಿ, ಮೂರು ರಾತ್ರಿ ಕುಳಿತು ಬರೆದ ಚಿತ್ರ ಮೂಡುತ್ತದೆ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡುತ್ತಾರೆ. ನೆರಳಿನ ಕಡೆ ಒಂದು ಚುಕ್ಕಿ ಹೆಚ್ಚಾಯಿತು. ಬ್ರೌಸರಿನಲ್ಲಿ ಅದು ತಿಳಿದಿರಲಿಲ್ಲ.